ಬುಯೋಂನಲ್ಲಿ ಊಟ: ಪ್ಯಾರಿಸ್‌ಗೆ ಹೊರಟ ಕಲಬುರಗಿ ಮಂದಿಗೆ

ಓದಲಿಕ್ಕೋ ನೌಕರಿಗೋ ಫ್ರಾನ್ಸಿಗೆ ಹೋದ ಮಕ್ಕಳನ್ನು ನೋಡಿಬರಲು ಹೊರಡುವ ಅಪ್ಪ-ಅವ್ವಂದಿರ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ ಇದ್ದೇ ಇರುತ್ತವೆ. ಇರಲಿ, ಒಯ್ಯಿರಿ. ತುಪ್ಪ, ಪೇಡೆ ಮಾತ್ರ ಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನೊಳಗೆ ತರಲು ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಆದರೆ ದಿನವಿಡೀ ಊರು ಸುತ್ತುವವರು ಒಂದು ಹೊತ್ತಾದರೂ ಹೊರಗೆ ಉಣ್ಣಲೇಬೇಕಾಗುತ್ತದೆ. ಆಗ ಭಾರತೀಯ ಹೋಟೆಲ್ ಹುಡುಕುತ್ತ ಮೆಟ್ರೋದಲ್ಲಿ ಅಲೆದು, ದುಬಾರಿ ಬೆಲೆಗೆ ಸಪ್ಪೆ ಪನೀರ್ ತಿನ್ನುವುದಕ್ಕಿಂತ ಬುಯೋಂ ಎಂಬ ಅಲ್ಲಿಯ ಅಗ್ಗದ ಊಟದ ಮನೆಗೆ ಹೋಗುವುದು ಮೇಲು. ಬೆಲೆಯ ವಿಷಯದಲ್ಲಿ ಅಲ್ಲಿ ಮೋಸಹೋಗುವ ಭಯವಿಲ್ಲ. ಎಚ್ಚರ ಬೇಕಾದದ್ದು ಪಾತ್ರೆಯೊಳಗೆ ಏನಿದೆ ಎಂಬುದರ ಬಗ್ಗೆ.

ಬುಯೋಂ ಎಂದರೆ ಫ್ರೆಂಚರ ಖಾನಾವಳಿ ಎಂದುಕೊಳ್ಳಿ; ಪದದ ಅರ್ಥ ಕುದಿಸಿದ ರಸ. 19ನೇ ಶತಮಾನದ ನಡುಭಾಗದಲ್ಲಿ ಪ್ಯಾರಿಸ್‌ನ ಮಾಂಸದ ವ್ಯಾಪಾರಿ ಅಡಾಲ್ಫ್ ಡ್ಯುವಾಲ್, ಲೇ ಹಾಲ್ ಸಗಟು ಮಾರುಕಟ್ಟೆಯ ದುಡಿಯುವವರಿಗೆ ಅಗ್ಗದ ಮಾಂಸದ ತುಂಡುಗಳನ್ನು ಕುದಿಸಿದ ರಸ ಮತ್ತು ಬೆಂದ ಮಾಂಸ ಬಡಿಸಲು ಶುರು ಮಾಡಿದ. ಅದು ನಡೆಯಿತು, ಊರೆಲ್ಲ ಹರಡಿತು. 1896ರಲ್ಲಿ ಶಾರ್ತಿಯೇ ಸಹೋದರರು ತೆರೆದ ಬುಯೋಂ ಶಾರ್ತಿಯೇ, ಫೊಬೂರ್ ಮೊಂಮಾರ್ತ್ರ್ ಬೀದಿಯ 7ನೇ ನಂಬರಿನಲ್ಲಿ ಇವತ್ತಿಗೂ ನಡೆದಿದೆ. ಅದರ ಊಟದ ಸಾಲೆ 1989ರಿಂದ ಸಂರಕ್ಷಿತ ಸ್ಮಾರಕ. ಖಾಯಂ ಗಿರಾಕಿಗಳು ತಮ್ಮ ಕೈವಸ್ತ್ರ ಇಟ್ಟುಕೊಳ್ಳುತ್ತಿದ್ದ ನಂಬರು ಹಾಕಿದ ಮರದ ಗೂಡುಗಳು ಅಲ್ಲಿನ್ನೂ ಇವೆ. ನಡುವೆ ಈ ಪದ್ಧತಿ ಬಹುತೇಕ ಅಳಿದೇ ಹೋಗಿತ್ತು. 2017ರಲ್ಲಿ ಬುಯೋಂ ಪಿಗಾಲ್, 2021ರಲ್ಲಿ ಬುಯೋಂ ರಿಪಬ್ಲಿಕ್ ತೆರೆದ ಮೇಲೆ ಮತ್ತೆ ಚಿಗುರಿದೆ.

ಅಗ್ಗ ಹೇಗೆ ಅಂತೀರಾ? ಸಾಲೆ ದೊಡ್ಡದು, ಒಂದೇ ಸಲಕ್ಕೆ ಮುನ್ನೂರರ ಆಸುಪಾಸು ಮಂದಿ ಕೂರುತ್ತಾರೆ. ಮೇಜುಗಳು ಒತ್ತೊತ್ತಾಗಿ, ಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ. ಪಟ್ಟಿಯಲ್ಲಿರುವ ಹೆಚ್ಚಿನ ಅಡಿಗೆ ಮೊದಲೇ ದೊಡ್ಡ ಪಾತ್ರೆಗಳಲ್ಲಿ ಬೆಂದಿರುವಂಥದ್ದು: ಗಂಟೆಗಟ್ಟಲೆ ಬೇಯಿಸಿದ ಮಾಂಸ, ಬೇಯಿಸಿ ತಣಿಸಿದ ತರಕಾರಿ, ಮೊಟ್ಟೆ. ಹೇಳಿದ ಐದು-ಹತ್ತು ನಿಮಿಷದಲ್ಲಿ ತಟ್ಟೆ ಬರುತ್ತದೆ, ಒಂದು ಗಂಟೆಯೊಳಗೆ ಮೇಜು ಖಾಲಿಯಾಗುತ್ತದೆ. ಹಾಗಾಗಿ ಮೂರು ಹಂತದ ಊಟ ತಲೆಗೆ 20 ಯೂರೋ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಯೂರೋಗೆ ನೂರು ರೂಪಾಯಿಯಂತೆ ಲೆಕ್ಕ ಹಾಕಿದರೆ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಖಾನಾವಳಿ ನೆನೆದು ಎದೆ ಧಸಕ್ಕೆನ್ನಬಹುದು; ಪ್ಯಾರಿಸ್‌ನಲ್ಲಿ ಕೂತು ಉಣ್ಣುವ ಊಟಕ್ಕೆ ಇದು ನಿಜಕ್ಕೂ ಕಡಿಮೆ. ಒಂದು ವ್ಯತ್ಯಾಸ ಮರೆಯಬೇಡಿ: ನಮ್ಮಲ್ಲಿ ರೊಟ್ಟಿ, ಪಲ್ಯ, ಅನ್ನ ಬಡಿಸುತ್ತಲೇ ಇರುತ್ತಾರೆ. ಅಲ್ಲಿ ತಟ್ಟೆಗೆ ಬಂದದ್ದೇ ಬಂತು, ಎರಡನೇ ಸಲ ಸಿಗುವುದು ಬ್ರೆಡ್ಡು ಮತ್ತು ನೀರು ಮಾತ್ರ.

ಸಮಯದ ಬಗ್ಗೆ. ಸಾಮಾನ್ಯ ಬಿಸ್ಟ್ರೋಗಳ, ಅಂದರೆ ಚಿಕ್ಕ ಹೋಟೆಲುಗಳ, ಅಡಿಗೆಮನೆ ಮಧ್ಯಾಹ್ನ 12ರಿಂದ 2–2:30ರವರೆಗೆ, ರಾತ್ರಿ 7ರಿಂದ 10ರವರೆಗೆ ಅಷ್ಟೇ. ಮಧ್ಯಾಹ್ನ ಮೂರಕ್ಕೆ ಹಸಿದು ಹೋದರೆ ಕಾಫಿ ಬಿಟ್ಟು ಏನೂ ಸಿಗದು. ಭಾನುವಾರ, ಸೋಮವಾರ ಎಷ್ಟೋ ಕಡೆ ಬಾಗಿಲು ಮುಚ್ಚಿರುತ್ತದೆ. ಆಗಸ್ಟಿನಲ್ಲಿ ಮಾಲೀಕರೇ ರಜೆಗೆ ಹೋಗುತ್ತಾರೆ. ದೊಡ್ಡ ಬುಯೋಂಗಳು ಹಾಗಲ್ಲ, ವಾರವಿಡೀ, ಮಧ್ಯಾಹ್ನದಿಂದ ನಡುರಾತ್ರಿವರೆಗೆ ಎಡೆಬಿಡದೆ ನಡೆಯುತ್ತವೆ. ಶಾರ್ತಿಯೇ 11:30ಕ್ಕೇ ತೆರೆಯುತ್ತದೆ, ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಸಾಲಿನಲ್ಲಿ ನಿಲ್ಲಬೇಕು. ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ ಸಾಲು ಬೀದಿಗೆ ಬಂದಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ತೆರೆಯುವ ಹೊತ್ತಿಗೋ, ಮಧ್ಯಾಹ್ನ ಮೂರರಿಂದ ಆರರ ನಡುವೆಯೋ ಹೋಗಿ. ನಿಮ್ಮವರೆಲ್ಲ ಬಂದಿರದಿದ್ದರೆ ಒಳಗೆ ಕೂರಿಸುವುದಿಲ್ಲ. 'ಇಬ್ಬರು ಇದ್ದೀವಿ, ನಾಲ್ವರು ಹಿಂದೆ ಬರ್ತಾರ' ಎಂಬ ನಮ್ಮ ಉಪಾಯ ಅಲ್ಲಿ ನಡೆಯದು.

ಒಳಗೆ ಹೋಗುತ್ತಲೇ 'ಬೋಂಝೂರ್', ಸಂಜೆಯಾದರೆ 'ಬೋಂಸ್ವಾರ್'. ಇದನ್ನು ಲಘುವಾಗಿ ಎಣಿಸಬೇಡಿ. ನಮಸ್ಕಾರ ಹೇಳದೆ ನೇರವಾಗಿ 'ಟೇಬಲ್ ಫಾರ್ ಟೂ' ಎಂದವರಿಗೆ ಸಿಗುವ ಮುಖವೇ ಬೇರೆ. ತಾವಾಗಿಯೇ ಹೋಗಿ ಖಾಲಿ ಕುರ್ಚಿಯಲ್ಲಿ ಕೂರಬಾರದು, ಕೂರಿಸುವವರು ತೋರಿಸಿದ ಕಡೆಗೇ ಕೂರಬೇಕು. ಇಬ್ಬರೇ ಇದ್ದರೆ ಅಪರಿಚಿತರ ಮೇಜಿಗೆ ಸೇರಿಸಬಹುದು. ಬಡಿಸುವವರನ್ನು ಚಿಟಿಕೆ ಹೊಡೆದು ಕರೆಯಬೇಡಿ, ಕಣ್ಣು ಸೇರಿಸಿ ಕೈ ಸ್ವಲ್ಪ ಎತ್ತಿದರೆ ಸಾಕು.

ಮೊದಲ ಖರ್ಚು ನೀರಿನಿಂದಲೇ ಶುರುವಾಗುತ್ತದೆ. 'ವಾಟರ್' ಎಂದರೆ ಬಾಟಲಿ ಬರುತ್ತದೆ, ಬಿಲ್ಲಿಗೆ ನಾಲ್ಕೈದು ಯೂರೋ ಸೇರಬಹುದು. 'ಯೂನ್ ಕರಾಫ್ ದೋ, ಸಿಲ್ ವು ಪ್ಲೇ' ಎನ್ನಿ. ಹೂಜಿಯಲ್ಲಿ ನಲ್ಲಿ ನೀರು ಬರುತ್ತದೆ, ಕುಡಿಯಲು ಯೋಗ್ಯ, ಪುಕ್ಕಟೆ. ಊಟದ ಜೊತೆಗೆ ನಲ್ಲಿ ನೀರು, ಬ್ರೆಡ್ಡು, ಉಪ್ಪು-ಮೆಣಸುಗಳಿಗೆ ಬೇರೆ ಹಣ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ಅಲ್ಲಿ ಹಳೆಯದು. ಪಟ್ಟಿಯಲ್ಲಿ ಬರೆದ ಬೆಲೆಯೊಳಗೆ ತೆರಿಗೆ, ಸೇವಾ ಶುಲ್ಕ ಎರಡೂ ಇರುತ್ತವೆ. ಕೊನೆಗೆ ಜಿಎಸ್‌ಟಿ ಕೂಡಿಸಿ ಬೆಚ್ಚಿಬೀಳಿಸುವ ಪದ್ಧತಿ ಇಲ್ಲ. ಬಾಗಿಲ ಹೊರಗೆ ಬೆಲೆಪಟ್ಟಿ ಹಾಕುವುದು ಕಡ್ಡಾಯ, ಹಾಗಾಗಿ ಒಳಗೆ ಕಾಲಿಡುವ ಮೊದಲೇ ಓದಿಕೊಳ್ಳಿ. ಐದು ಭಾಷೆಗಳಲ್ಲಿ ಬಣ್ಣದ ಫೋಟೋ ಹಾಕಿದ ಪಟ್ಟಿ, ಬೀದಿಯಲ್ಲಿ ನಿಂತು ಕರೆಯುವ ಮನುಷ್ಯ ಕಂಡರೆ ಮುಂದಕ್ಕೆ ನಡೆಯಿರಿ.

ಪಟ್ಟಿಯ ಜೋಡಣೆ ಸರಳ. ಆಂತ್ರೇ ಅಂದರೆ ಮೊದಲ ಚಿಕ್ಕ ತಟ್ಟೆ, ಪ್ಲಾ ಅಂದರೆ ಮುಖ್ಯ ತಟ್ಟೆ, ಆಮೇಲೆ ಚೀಸ್ ಅಥವಾ ಸಿಹಿ. 'ಮೆನ್ಯು' ಎಂದು ಬರೆದಿದ್ದರೆ ನಿಗದಿತ ಬೆಲೆಯ ಪೂರ್ತಿ ಊಟ, 'ಫೋರ್ಮ್ಯೂಲ್' ಇದ್ದರೆ ಎರಡು ಹಂತದ್ದು. ಇವು ಹೆಚ್ಚಾಗಿ ಬಿಸ್ಟ್ರೋಗಳಲ್ಲಿ, ಕೆಲಸದ ದಿನಗಳ ಮಧ್ಯಾಹ್ನ ಮಾತ್ರ. 'ಪ್ಲಾ ದ್ಯು ಜೂರ್' ಆ ದಿನದ ವಿಶೇಷ, ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಾರೆ. ಮೂರೂ ಹಂತ ತೆಗೆದುಕೊಳ್ಳಲೇಬೇಕೆಂದಿಲ್ಲ, ಆದರೆ ಒಂದು ತಟ್ಟೆ ಹೇಳಿ ನಾಲ್ವರು ಹಂಚಿಕೊಂಡರೆ ಒಪ್ಪುವುದಿಲ್ಲ. ತಲೆಗೊಂದು ಪ್ಲಾ ಎಂಬುದು ಅಲ್ಲಿಯ ರೂಢಿ.

ಶಾರ್ತಿಯೇಯಲ್ಲಿ ನೀವು ಹೇಳಿದ್ದನ್ನು ಮೇಜಿಗೆ ಹಾಸಿದ ಕಾಗದದ ಮೇಲೇ ಗೀಚುತ್ತಾರೆ, ಕೊನೆಗೆ ಅಲ್ಲೇ ಕೂಡಿಸುತ್ತಾರೆ. ಆ ಬರಹ ಓದಲು ಕಲಿಯಿರಿ. ಫ್ರೆಂಚರ 1ಕ್ಕೆ ಎಡಗಡೆ ಉದ್ದ ಬಾಲವಿದ್ದು ನಮ್ಮ ಕಣ್ಣಿಗೆ 7ರಂತೆ ಕಾಣುತ್ತದೆ. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ಅಡ್ಡಗೆರೆ ಇಲ್ಲದ್ದು 1. ಎರಡೂವರೆ ಯೂರೋವನ್ನು 2,50 ಎಂದು ಅಲ್ಪವಿರಾಮ ಹಾಕಿ ಬರೆಯುತ್ತಾರೆ, ಅದನ್ನು ಇನ್ನೂರೈವತ್ತು ಎಂದು ಓದಿ ಗಾಬರಿಯಾಗುವವರಿದ್ದಾರೆ. ಬಿಲ್ಲು ತಾನಾಗಿ ಬರುವುದಿಲ್ಲ, ಕೇಳದೆ ತಂದಿಟ್ಟರೆ ಎದ್ದು ಹೋಗಿ ಎಂದಂತೆ ಅನ್ನುವುದು ಅವರ ಭಾವನೆ. 'ಲಾದಿಸ್ಯೋಂ, ಸಿಲ್ ವು ಪ್ಲೇ' ಎಂದು ಕೇಳಬೇಕು. ಟಿಪ್ಸ್ ಕಡ್ಡಾಯವಲ್ಲ, ಮೆಚ್ಚಿದರೆ ಒಂದೆರಡು ಯೂರೋ ನಾಣ್ಯ ಬಿಟ್ಟು ಬನ್ನಿ.

ಈಗ ಮುಖ್ಯ ವಿಷಯ. ಮಾಂಸದ ರಸವೇ ಈ ಮನೆಗಳ ಬುನಾದಿ ಎಂದೆವಲ್ಲ, ಹಾಗಾಗಿ ಶಾಕಾಹಾರದಂತೆ ಕಾಣುವ ಎಷ್ಟೋ ಪದಾರ್ಥಗಳಲ್ಲಿ ಅದು ಸೇರಿರುತ್ತದೆ. ಉಳ್ಳಾಗಡ್ಡಿ ಸೂಪ್ ಬಹುಪಾಲು ಕಡೆ ದನದ ಮಾಂಸದ ರಸದಲ್ಲೇ ಆಗುವುದು. ತರಕಾರಿ ಸೂಪಿಗೆ ಕೋಳಿ ರಸ ಬಳಸಿರಬಹುದು. 'ಸಲಾಡ್' ಎಂದ ಮಾತ್ರಕ್ಕೆ ನಂಬಬೇಡಿ: ಲಿಯೋಂ ಸಲಾಡಿನಲ್ಲಿ ಲಾರ್ದೋಂ, ಅಂದರೆ ಹಂದಿಮಾಂಸದ ಚಿಕ್ಕ ತುಣುಕುಗಳು, ನಿಸ್ವಾಸ್‌ನಲ್ಲಿ ಮೀನು, ಗೆಝಿಯೇ ಅಂದಿದ್ದರೆ ಬಾತುಕೋಳಿಯ ಜಠರ. ಮೇಕೆ ಹಾಲಿನ ಬಿಸಿ ಚೀಸಿನ ಸಲಾಡಿನ ಮೇಲೂ ಲಾರ್ದೋಂ ಉದುರಿಸುವುದುಂಟು. ಅಲ್ಲಿಯ ಮಸೂರ ಬ್ಯಾಳಿಯನ್ನು ಹಂದಿಮಾಂಸದ ಜೊತೆಗೇ ಬೇಯಿಸುವುದು ವಾಡಿಕೆ, ನಮ್ಮ ಬ್ಯಾಳಿ ಎಂದು ಖುಷಿಪಟ್ಟು ಹೇಳಿಬಿಡಬೇಡಿ. ಮೊಟ್ಟೆ-ಕೆನೆ ತುಂಬಿದ ಕೀಶ್ ಲೊರೇನ್‌ನಲ್ಲಿ ಲಾರ್ದೋಂ, ಕ್ರೋಕ್ ಮೊಸಿಯೋ ಎಂಬ ಸ್ಯಾಂಡ್‌ವಿಚ್ಚಿನಲ್ಲಿ ಹಂದಿ ಹ್ಯಾಮ್. ಆಲೂ ಫ್ರಿಟ್ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಯೇ ತೆಗೆದುಕೊಳ್ಳಿ.

ಕಟ್ಟುನಿಟ್ಟಿನವರಿಗೆ ಇನ್ನೂ ಎರಡು ಮಾತು. ಕೊಂತೇ, ರೋಕ್‌ಫೋರ್ ಮೊದಲಾದ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನಂಥ ಎಳೆ ಪ್ರಾಣಿಗಳ ಜಠರದಿಂದ ತೆಗೆದ ಹೆಪ್ಪು ಬಳಸುತ್ತಾರೆ. ಪದರ ಪದರವಾಗಿ ಕೆನೆ ನಿಲ್ಲಿಸಿದ ಸಿಹಿಗಳಲ್ಲಿ ಜೆಲಟಿನ್ ಇರಬಹುದು. ಹೋಟೆಲಿನವರು 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಬರಹದಲ್ಲಿ ಇಟ್ಟಿರಲೇಬೇಕು. ಮೊಟ್ಟೆ ಬೇಡದವರಿಗೆ ಇದು ಬಲು ಉಪಯೋಗ, ಮೊಟ್ಟೆ, ಹಾಲು, ಮೀನು ಎಲ್ಲ ಅದರಲ್ಲಿ ಬರುತ್ತವೆ. ಆದರೆ ಮಾಂಸ ಆ ಹದಿನಾಲ್ಕರಲ್ಲಿ ಇಲ್ಲ! ಆ ಪಟ್ಟಿ ನೋಡಿ ಸೂಪು ಶಾಕಾಹಾರ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಮೀನು ತಂದಿಡುವವರೂ ಇದ್ದಾರೆ. 'ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ', ಅಂದರೆ ಮಾಂಸ, ಮೀನು, ಲಾರ್ದೋಂ ಯಾವುದೂ ಬೇಡ ಎಂದು ಬಿಡಿಸಿ ಹೇಳಿ. ಸೂಪಿಗೆ 'ಬುಯೋಂ ದ ಲೇಗ್ಯೂಮ್?' ಎಂದು ಕೇಳಿ, ತರಕಾರಿ ರಸವೇ ಎಂದರ್ಥ. ಮಕ್ಕಳಿಗೆ ಹೇಳಿ ಇವನ್ನು ಫ್ರೆಂಚ್ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಬರೆದಂತೆ ಉಚ್ಚರಿಸುವ ಭಾಷೆಯಲ್ಲ ಅದು.

ಹಂದಿ, ಮದ್ಯ ಎರಡೂ ಬೇಡವೆನ್ನುವ ನಮ್ಮ ಮುಸ್ಲಿಂ ಮನೆಗಳವರು ಇನ್ನೊಂದು ದಿಕ್ಕಿನಿಂದ ನೋಡಬೇಕು. ಬಫ್ ಬೂರ್ಗಿನ್ಯೋಂ ಎಂಬ ದನದ ಮಾಂಸದ ಅಡಿಗೆ ಕೆಂಪು ವೈನಿನಲ್ಲೇ ಬೇಯುತ್ತದೆ, ಜೊತೆಗೆ ಲಾರ್ದೋಂ ಕೂಡ. ಕೋಕೋವ್ಯಾಂ ಎಂಬ ಕೋಳಿಯೂ ಅಷ್ಟೇ. ಮೀನು ಸುರಕ್ಷಿತ ಎಂದುಕೊಂಡರೆ ಅದರ ಬೆಣ್ಣೆ ಸಾಸಿಗೆ ಬಿಳಿ ವೈನ್ ಹಾಕಿರುತ್ತಾರೆ. ಬಾಬಾ ಓ ರಮ್ ಸಿಹಿ ರಮ್ಮಿನಲ್ಲೇ ಮುಳುಗಿರುವಂಥದ್ದು. ಸಾಸಿಲ್ಲದೆ ಸುಟ್ಟ ಮೀನು, ನಿಂಬೆಹೋಳು, ಬೇಯಿಸಿದ ಆಲೂಗಡ್ಡೆ ಕೇಳಿದರೆ ತಂಟೆಯಿಲ್ಲ.

ಮಾಂಸ ತಿನ್ನುವವರಿಗೂ ಎಚ್ಚರಿಕೆ ಬೇಕು. ತಾರ್ತಾರ್ ಅಂದರೆ ಹಸಿ ದನದ ಮಾಂಸ. ಆಂದೂಯೆತ್ ಎಂಬುದನ್ನು ಫೋನಿನ ಅನುವಾದ ಆಪ್ 'ಸಾಸೇಜ್' ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ; ಅದು ಹಂದಿಯ ಕರುಳಿನದ್ದು, ತಟ್ಟೆ ಬರುವ ಮೊದಲೇ ವಾಸನೆ ಬರುತ್ತದೆ. ಸ್ಟೇಕ್ ಹೇಳಿದಾಗ ಎಷ್ಟು ಬೇಯಬೇಕೆಂದು ಕೇಳುತ್ತಾರೆ. 'ಆ ಪ್ವ್ಯಾಂ' ಅಂದರೆ ನಡುವೆ ಇನ್ನೂ ಕೆಂಪಿರುತ್ತದೆ, ನಮ್ಮ ರುಚಿಗೆ 'ಬ್ಯಾಂ ಕ್ವಿ' ಎನ್ನಬೇಕು.

ಹಾಗಾದರೆ ಏನು ಹೇಳುವುದು? ಮೊಟ್ಟೆ ನಡೆಯುವವರಿಗೆ ಅಫ್ ಮಯೋನೇಜ್ ಬುಯೋಂನ ಅತ್ಯಂತ ಅಗ್ಗದ, ಬಹುಶಃ ಅತ್ಯುತ್ತಮ ಆಂತ್ರೇ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಅದರ ಮೇಲೆ ಸಾಸಿವೆ ಹಾಕಿ ಕಡೆದ ದಪ್ಪ ಮಯೋನೇಜ್, ಅಷ್ಟೇ. ಇಷ್ಟಕ್ಕೇ ಫ್ರಾನ್ಸಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಾರೆ. ಮೊಟ್ಟೆಯ ಹಳದಿಯ ಸುತ್ತ ಹಸಿರು ಬಳೆ ಕಂಡರೆ ಅತಿಯಾಗಿ ಬೇಯಿಸಿದ್ದಾರೆ ಎಂದು ತಿಳಿಯಿರಿ. ಮೊಟ್ಟೆ ಬೇಡದವರಿಗೆ ಪ್ವಾರೋ ವಿನೆಗ್ರೆತ್: ಲೀಕ್ ಎಂಬ ದಪ್ಪ ಉಳ್ಳಾಗಡ್ಡಿ ತಾಳನ್ನು ಮೆತ್ತಗೆ ಬೇಯಿಸಿ ಸಾಸಿವೆ-ವಿನೆಗರ್-ಎಣ್ಣೆ ಸುರಿದದ್ದು. ಮೇಲೆ ಮೊಟ್ಟೆಯ ಪುಡಿ ಉದುರಿಸುತ್ತಾರೆಯೇ ಎಂದು ಕೇಳಿಕೊಳ್ಳಿ. ತುರಿದ ಗಜ್ಜರಿ ಸಲಾಡ್ ನಿರಪಾಯಕಾರಿ. ಸೆಲರಿ ರೆಮುಲಾದ್ ನೋಡಲು ನಮ್ಮ ಕೋಸಂಬರಿಯಂತಿದ್ದರೂ ಮೊಟ್ಟೆಯಿಂದಲೇ ಮಾಡುವ ಮಯೋನೇಜಿನಲ್ಲಿ ಕಲಸಿದ್ದು. ಪ್ಲಾ ಜಾಗಕ್ಕೆ ಎರಡು ಪಕ್ಕದ ತಟ್ಟೆ ಹೇಳಿ: ಹಸಿರು ಬೀನ್ಸ್ ಒಂದು, ಹಾಲು-ಬೆಣ್ಣೆ ಹಾಕಿ ಕಡೆದ ಆಲೂ ಪ್ಯುರೇ ಒಂದು. ಈಗೀಗ ಪಟ್ಟಿಯಲ್ಲಿ ಶಾಕಾಹಾರದ ಒಂದು ಪ್ಲಾ ಕೂಡ ಇಡುತ್ತಿದ್ದಾರೆ. ಸಿಹಿಗಳಲ್ಲಿ ಕ್ರೆಮ್ ಕ್ಯಾರಮೆಲ್, ಚಾಕಲೇಟ್ ಮೂಸ್, ಇಲ್ ಫ್ಲೊತಾಂತ್ ಮೂರರಲ್ಲೂ ಮೊಟ್ಟೆ ಇದೆ. ರಿ ಓ ಲೇ ಅಂದರೆ ಅಕ್ಕಿ ಪಾಯಸವೇ, ಏಲಕ್ಕಿ ಬದಲು ವೆನಿಲಾ. ಅದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ.

ಖಾರ ಎಲ್ಲೂ ಇಲ್ಲ. ಮೇಜಿನ ಮೇಲಿನ ದಿಜೋಂ ಸಾಸಿವೆಯೊಂದೇ ಗತಿ. ಚಮಚದ ತುದಿಯಷ್ಟು ಹಚ್ಚಿಕೊಳ್ಳಿ, ಹೆಚ್ಚಾದರೆ ನಾಲಿಗೆಗಲ್ಲ, ಮೂಗಿಗೆ ಏರುತ್ತದೆ. ಬ್ರೆಡ್ಡನ್ನು ಕೈಯಿಂದ ಮುರಿದು ಮೇಜಿನ ಮೇಲೇ ಇಡುತ್ತಾರೆ, ಅದಕ್ಕೆಂದು ತಟ್ಟೆ ಇರುವುದಿಲ್ಲ. ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿಂದರೆ ಬುಯೋಂನಲ್ಲಿ ಯಾರೂ ಏನೂ ಅನ್ನರು. ತಿಂದು ಮುಗಿದ ಮೇಲೆ ಚಾಕು, ಫೋರ್ಕು ಜೋಡಿಸಿ ತಟ್ಟೆಯ ಮೇಲಿಡಿ, ಇಲ್ಲವಾದರೆ ತಟ್ಟೆ ಎತ್ತುವುದಿಲ್ಲ, ಮುಂದಿನದು ಬರುವುದಿಲ್ಲ. ಊಟ ಉಳಿದರೆ ಕಟ್ಟಿಸಿಕೊಳ್ಳಲು ನಾಚಿಕೆ ಬೇಡ. 2021ರ ಜುಲೈ 1ರಿಂದ ಕೇಳಿದವರಿಗೆ ಡಬ್ಬಿ ಕೊಡಲೇಬೇಕು.

ಲಿಯೋಂ ಕಡೆ ಹೋಗುವವರಿಗೆ ಇಂಥದೇ ಊಟದ ಮನೆ ಬುಶೋಂ. ಶಾಕಾಹಾರಿಗಳಿಗೆ ಅದು ಬುಯೋಂಗಿಂತ ಬಿಗಿ. ಕರುಳು, ಹಂದಿ, ಕಡುಬಿನಂಥ ಮೀನಿನ ಕ್ವೆನೆಲ್‌ಗಳದ್ದೇ ರಾಜ್ಯ. ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಬೆಳ್ಳುಳ್ಳಿ, ಸೊಪ್ಪು ಕಲಸಿದ ಸೆರ್ವೆಲ್ ದ ಕಾನ್ಯು ಕೇಳಿ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಬಹುದು.

ಉಳ್ಳಾಗಡ್ಡಿ ಸೂಪನ್ನು ಅಲ್ಲಿ ಬಿಡಬೇಕಾಗಿ ಬಂದವರು ಕಲಬುರಗಿಯಲ್ಲೇ ಮಾಡಿಕೊಳ್ಳಬಹುದು, ಮಾಂಸದ ರಸದ ಬದಲು ನಮ್ಮ ತೊಗರಿ ಬ್ಯಾಳಿಯ ಕಟ್ಟು ಹಾಕಿ. ಬ್ಯಾಳಿ ಕಟ್ಟಿಗೆ ಇರುವ ಮೈಗಟ್ಟು ಬರಿಯ ತರಕಾರಿ ರಸಕ್ಕೆ ಬರುವುದಿಲ್ಲ. ನಾಲ್ವರಿಗೆ: 100 ಗ್ರಾಂ ಬ್ಯಾಳಿಯನ್ನು ಒಂದೂವರೆ ಲೀಟರ್ ನೀರಿನಲ್ಲಿ ಒಂದು ಗಜ್ಜರಿ, ಒಂದು ಟೊಮೆಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಹತ್ತು ಕಾಳುಮೆಣಸಿನೊಂದಿಗೆ ಬೇಯಿಸಿ. ಅರಿಶಿನ ಹಾಕಬೇಡಿ. ಅರ್ಧ ಗಂಟೆ ಅಲುಗಿಸದೆ ಬಿಟ್ಟು ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ, ಒಂದು ಲೀಟರ್ ಆಗುತ್ತದೆ. ಕೆಳಗಿನ ಗಟ್ಟಿ ಸೇರಿದರೆ ಸೂಪಲ್ಲ, ಸಾರು. ಆ ಗಟ್ಟಿಯನ್ನು ರಾತ್ರಿ ಪಲ್ಯಕ್ಕೆ ಇಟ್ಟುಕೊಳ್ಳಿ.

ಒಂದು ಕಿಲೋ ಉಳ್ಳಾಗಡ್ಡಿಯನ್ನು ಉದ್ದಕ್ಕೆ, ಮೂರು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ, ಒಂದು ಚಮಚ ಎಣ್ಣೆ ಕಾಯಿಸಿ ಉಳ್ಳಾಗಡ್ಡಿ, ಒಂದು ಚಿಕ್ಕ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಮುಚ್ಚಿಡಿ. ನೀರು ಬಿಟ್ಟು ಕುಗ್ಗುತ್ತದೆ. ಆಮೇಲೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ 45 ನಿಮಿಷ. ಎಲ್ಲರೂ ಕೆಡಿಸುವುದು ಇಲ್ಲೇ: ಹದಿನೈದು ನಿಮಿಷಕ್ಕೆ ತಾಳ್ಮೆ ಕೆಟ್ಟು ಉರಿ ಏರಿಸಿದರೆ ಅಂಚು ಸುಟ್ಟು ಕಹಿಯಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ತೆಳು ಅಲ್ಯೂಮಿನಿಯಂ ಪಾತ್ರೆಯಾದರೆ ಕೆಳಗೆ ತವೆ ಇಡಿ. ತಳಕ್ಕೆ ಕಂದು ಹಿಡಿದಾಗಲೆಲ್ಲ ಎರಡು ಚಮಚ ನೀರು ಚಿಮುಕಿಸಿ ಕೆರೆದು ಕಲಸಿ, ಸೂಪಿನ ಬಣ್ಣ ಬರುವುದು ಅದರಿಂದಲೇ. ಸಕ್ಕರೆ ಬೇಕಿಲ್ಲ. ಬೆಲ್ಲದ ಬಣ್ಣಕ್ಕೆ ಬಂದು ಒಂದು ಹಿಡಿಯಷ್ಟಾದಾಗ ಒಂದು ಚಮಚ ಮೈದಾ ಹಾಕಿ ಎರಡು ನಿಮಿಷ ಹುರಿದು, ಬಿಸಿ ಕಟ್ಟು ಸುರಿದು ಇಪ್ಪತ್ತು ನಿಮಿಷ ಕುದಿಸಿ. ಅಲ್ಲಿ ಬಿಳಿ ವೈನ್ ಕೊಡುವ ಹುಳಿಗೆ ಇಲ್ಲಿ ಕೊನೆಯಲ್ಲಿ ಒಂದು ಚಿಕ್ಕ ಚಮಚ ವಿನೆಗರ್. ನಮ್ಮ ಬಿರಿಯಾನಿ ಎಲೆ ಹಾಕಬೇಡಿ, ಅದರ ದಾಲ್ಚಿನ್ನಿ ಘಮ ಇದಕ್ಕೆ ಹೊಂದದು. ಒಗ್ಗರಣೆಯ ಆಸೆಯನ್ನೂ ತಡೆದುಕೊಳ್ಳಿ.

ಮೇಲಿನ ಬ್ರೆಡ್ಡಿಗೆ ಸಿಹಿಯಿಲ್ಲದ ಪಾವ್ ಬೇಕು, ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ ತವೆಯ ಮೇಲೆ ಖಡಕ್ಕಾಗುವವರೆಗೆ ಒಣಗಿಸಿ. ಮೆತ್ತಗಿದ್ದರೆ ಸೂಪಿನಲ್ಲಿ ಕರಗಿ ಅಂಬಲಿಯಾಗುತ್ತದೆ. ಈ ಸೂಪಿಗೆ ಅಲ್ಲಿ ಹಾಕುವ ಗ್ರುಯೇರ್ ಚೀಸ್ ಇಲ್ಲಿ ಸಿಗದು. ಮೊಜ್ಜರೆಲ್ಲಾ 80 ಗ್ರಾಂ, ಚೆಡ್ಡಾರ್ 40 ಗ್ರಾಂ ತುರಿದು ಬೆರೆಸಿ. ಬರೀ ಪ್ರೊಸೆಸ್ಡ್ ಚೀಸ್ ಆದರೆ ಎಳೆ ಬರದು, ಉಪ್ಪೂ ಹೆಚ್ಚು. ಓವನ್ ಇಲ್ಲದ ಮನೆಯಲ್ಲಿ ಬ್ರೆಡ್ಡಿನ ಮೇಲೆ ಚೀಸ್ ಹರಡಿ ತವೆಯ ಮೇಲೆ ಮುಚ್ಚಿ ಕರಗಿಸಿ, ಬಟ್ಟಲಿಗೆ ಸೂಪ್ ಹಾಕಿದ ಮೇಲೆ ತೇಲಿಬಿಡಿ. ಸೂಪು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಮರುದಿನ ರುಚಿ ಹೆಚ್ಚು. ಕಾಯಿಸುವಾಗ ಗಟ್ಟಿಯಾಗಿದ್ದರೆ ಅರ್ಧ ಲೋಟ ಬಿಸಿನೀರು ಸೇರಿಸಿ, ಬ್ರೆಡ್ಡು ಮಾತ್ರ ಆಗಿನದಾಗಲೇ ಮಾಡಿಕೊಳ್ಳಿ.